ಸಂಘದ ಕಂಪ್ಯೂಟರ್ ಬದಲಿಸುವ ಮುನ್ನ ಒಂದು ಪ್ರತಿ ತೆಗೆದಿಡಿ



ಈ ಪುಟದಲ್ಲಿ ಸಾಮಾನ್ಯವಾಗಿ ನೀವು ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಕರುಗಳ ಪಾಲನೆ, ಹಸಿರು ಮೇವು ಇಂಥ ವಿಷಯಗಳನ್ನು ಓದುತ್ತೀರಿ. ಈ ಸಲ ನಿಮ್ಮ ಹಾಲು ಉತ್ಪಾದಕರ ಸಂಘದ ಮೇಜಿನ ಮೇಲಿರುವ ಕಂಪ್ಯೂಟರ್ ಬಗ್ಗೆ ಬರೆಯುತ್ತಿದ್ದೇನೆ. ಪಶುವೈದ್ಯರಿಗೆ ಕಂಪ್ಯೂಟರಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ.

ಬೆಳಗಾವಿ ಸುತ್ತಲಿನ ಊರುಗಳಲ್ಲಿ, ಖಾನಾಪುರ ತಾಲ್ಲೂಕಿನಲ್ಲಿ ಸಂಘಗಳಿಗೆ ಹೋದಾಗಲೆಲ್ಲ ಕಾರ್ಯದರ್ಶಿಗಳು ಇತ್ತೀಚೆಗೆ ಒಂದೇ ಮಾತು ಕೇಳುತ್ತಿದ್ದಾರೆ: "ಸರ, ನಮ್ಮ ಕಂಪ್ಯೂಟರ್ ಹಳೇದಾಗೇತಿ. ವಿಂಡೋಸ್ ಹತ್ತು ಬಂದ್ ಆಗೇತಿ ಅಂತಾರ. ಹೊಸಾದು ತಗೋಬೇಕೋ, ಇದರಾಗ ಲಿನಕ್ಸ್ ಹಾಕಿಸಬೇಕೋ?" ಎರಡರಲ್ಲಿ ಯಾವುದನ್ನಾದರೂ ಮಾಡಬಹುದು. ಆದರೆ ಎರಡಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಒಳಗಿರುವ ಲೆಕ್ಕದ ಪ್ರತಿ ತೆಗೆಯಬೇಕು, ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ಇದನ್ನು ಕಾರ್ಯದರ್ಶಿಗಳಷ್ಟೇ ಅಲ್ಲ, ಪ್ರತಿಯೊಬ್ಬ ಸದಸ್ಯರೂ ತಿಳಿದಿರಬೇಕು ಎಂದು ಈ ಲೇಖನ.

ಆ ಪೆಟ್ಟಿಗೆಯೊಳಗೆ ಏನಿದೆ?

ಬೆಳಿಗ್ಗೆ ಮತ್ತು ಸಂಜೆ ನೀವು ಹಾಕುವ ಹಾಲಿನ ತೂಕ, ಫ್ಯಾಟ್, ಎಸ್‌ಎನ್‌ಎಫ್, ದರ ಎಲ್ಲವೂ ತೂಕದ ಯಂತ್ರ ಮತ್ತು ಅನಲೈಜರ್‌ನಿಂದ ನೇರವಾಗಿ ಕಂಪ್ಯೂಟರಿಗೆ ಹೋಗುತ್ತವೆ. ಬಟವಾಡೆ ಆಗುವುದು ಅದರ ಮೇಲೆ. ಸರ್ಕಾರ ಲೀಟರಿಗೆ ಇಂತಿಷ್ಟು ಎಂದು ಕೊಡುವ ಪ್ರೋತ್ಸಾಹಧನ ನಿಮ್ಮ ಬ್ಯಾಂಕ್ ಖಾತೆಗೆ ಬರಬೇಕಾದರೂ ಸಂಘದಿಂದ ಸರಿಯಾದ ಲೆಕ್ಕ ಹೋಗಬೇಕು. ವರ್ಷದ ಕೊನೆಗೆ ಬೋನಸ್ ಹಂಚುವುದು, ಪಶು ಆಹಾರ ಉದ್ದರಿ ಪಡೆದಿದ್ದರೆ ಅದನ್ನು ಮುರಿದುಕೊಳ್ಳುವುದು, ಯಾರು ಎಷ್ಟು ದಿನ ಹಾಲು ಹಾಕಿದ್ದಾರೆ ಎಂದು ನೋಡಿ ಮತದಾನದ ಹಕ್ಕು ತೀರ್ಮಾನಿಸುವುದು, ಲೆಕ್ಕ ಪರಿಶೋಧನೆ, ಇವೆಲ್ಲಕ್ಕೂ ಅದೇ ಆಧಾರ.

ಇನ್ನು ನನ್ನ ಕೆಲಸಕ್ಕೆ ಸಂಬಂಧಿಸಿದ್ದು. ಅನೇಕ ಸಂಘಗಳಲ್ಲಿ ಕೃತಕ ಗರ್ಭಧಾರಣೆ ಮಾಡಿದ ದಿನಾಂಕ, ಹೋರಿಯ ಸಂಖ್ಯೆ, ಕಿವಿಯೋಲೆಯ 12 ಅಂಕಿಗಳ ಸಂಖ್ಯೆ, ಹಾಕಿದ ಲಸಿಕೆ, ಕೊಟ್ಟ ಚಿಕಿತ್ಸೆ ಇವನ್ನೂ ಅದೇ ಕಂಪ್ಯೂಟರಿನಲ್ಲಿ ಬರೆದಿಡುತ್ತಾರೆ. ಕಿವಿಯೋಲೆ ಮತ್ತು ಲಸಿಕೆಯ ವಿವರ ಸರ್ಕಾರದ ಆನ್‌ಲೈನ್ ವ್ಯವಸ್ಥೆಗೂ ಹೋಗುತ್ತದೆ, ನಿಜ. ಆದರೆ ಊರಿನ ಮಟ್ಟದಲ್ಲಿ ಬರೆದಿಟ್ಟ ಸಣ್ಣಪುಟ್ಟ ಟಿಪ್ಪಣಿಗಳು ಬೇರೆಲ್ಲೂ ಇರುವುದಿಲ್ಲ.

ಈ ಟಿಪ್ಪಣಿ ಕಳೆದರೆ ಏನಾಗುತ್ತದೆ? ಆಕಳು ಗಬ್ಬವಾಗಿ ಸುಮಾರು 280 ದಿನಕ್ಕೆ ಈಯುತ್ತದೆ, ಎಮ್ಮೆ ಸುಮಾರು 310 ದಿನಕ್ಕೆ. ಈಯುವ 60 ದಿನ ಮುಂಚೆ ಹಾಲು ಬತ್ತಿಸಬೇಕು. ಗರ್ಭಧಾರಣೆಯ ದಿನಾಂಕ ಗೊತ್ತಿಲ್ಲದಿದ್ದರೆ ಬತ್ತಿಸುವ ದಿನ ತಪ್ಪುತ್ತದೆ. ಕೆಚ್ಚಲಿಗೆ ವಿಶ್ರಾಂತಿ ಸಿಗುವುದಿಲ್ಲ, ಮುಂದಿನ ಸೂಲಿನಲ್ಲಿ ಹಾಲು ಕಡಿಮೆಯಾಗುತ್ತದೆ. ಹೋರಿಯ ಸಂಖ್ಯೆ ಕಳೆದರೆ ತಂದೆ ಹೋರಿಯ ವೀರ್ಯವನ್ನೇ ಮಗಳು ಪಡ್ಡೆಗೆ ಕೊಡುವ ಸಂಭವ ಉಂಟು. ಕಂದುರೋಗದ, ಅಂದರೆ ಬ್ರುಸೆಲ್ಲಾ ಲಸಿಕೆಯನ್ನು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವನದಲ್ಲಿ ಒಂದೇ ಸಲ ಹಾಕುತ್ತೇವೆ. ಯಾವ ಕರುವಿಗೆ ಹಾಕಿದೆ, ಯಾವುದಕ್ಕೆ ಇಲ್ಲ ಎನ್ನುವುದನ್ನು ಕರುವಿನ ಮುಖ ನೋಡಿ ಹೇಳಲಾಗದು. ದಾಖಲೆಯೇ ಹೇಳಬೇಕು.

ಮಳೆಗಾಲದಲ್ಲಿ ಕಂಡದ್ದು

ಖಾನಾಪುರ ತಾಲ್ಲೂಕಿನ ಮಳೆ ನಿಮಗೆ ಗೊತ್ತೇ ಇದೆ. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿ, ಲೋಂಡಾ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೂ ಬೆವರುತ್ತವೆ. ವಿದ್ಯುತ್ ಹೋಗುತ್ತದೆ, ಬರುತ್ತದೆ, ಬಂದಾಗ ಜೋರಾಗಿ ಬರುತ್ತದೆ. ಮುಂಗಾರಿಗೆ ಮುಂಚೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸಿಡಿಲು ಬೇರೆ. ಕಂಪ್ಯೂಟರಿನ ಹಾರ್ಡ್ ಡಿಸ್ಕ್‌ಗೆ ತೇವ, ಧೂಳು, ವಿದ್ಯುತ್ತಿನ ಏರುಪೇರು ಮೂರೂ ಆಗದವು.

ಅಂಥ ಒಂದು ಮಳೆಗಾಲದಲ್ಲಿ ಒಂದು ಸಂಘದ ಹಾರ್ಡ್ ಡಿಸ್ಕ್ ಕೆಟ್ಟುಹೋಯಿತು. ಬಟವಾಡೆಗೆ ಇನ್ನೂ ಕೆಲವು ದಿನ ಇತ್ತು. ಬೆಳಗಾವಿಯ ಅಂಗಡಿಗೆ ಒಯ್ದರು, ಡಿಸ್ಕ್ ತೆರೆಯಲೇ ಇಲ್ಲ. ಪ್ರತಿ ಇರಲಿಲ್ಲ. ಕೊನೆಗೆ ಸದಸ್ಯರ ಕೈಯಲ್ಲಿದ್ದ ಹಾಲಿನ ಚೀಟಿಗಳನ್ನು ತರಿಸಿ, ಒಂದೊಂದಾಗಿ ಕೂಡಿಸಿ ಲೆಕ್ಕ ಕಟ್ಟಿದರು. ಚೀಟಿ ಇಟ್ಟುಕೊಂಡವರಿಗೆ ಪೂರ್ತಿ ಹಣ ಸಿಕ್ಕಿತು. ಇಟ್ಟುಕೊಳ್ಳದವರಿಗೆ ಹಿಂದಿನ ಬಟವಾಡೆಯ ಸರಾಸರಿ ಹಿಡಿದರು. ಎರಡು ಎಮ್ಮೆ ಕಟ್ಟಿಕೊಂಡಿರುವ ಒಬ್ಬ ತಾಯಿಯ ಒಂದು ಎಮ್ಮೆ ಆ ವಾರವಷ್ಟೇ ಈದಿತ್ತು. ಹಿಂದಿನ ಸರಾಸರಿ ಹಿಡಿದರೆ ಅವರ ಅರ್ಧ ಹಾಲೇ ಲೆಕ್ಕಕ್ಕಿಲ್ಲ. ನಾನು ಆ ಎಮ್ಮೆಯ ಮಾಸು ಬೀಳದ್ದಕ್ಕೆ ಚಿಕಿತ್ಸೆ ಕೊಡಲು ಹೋದಾಗ ಅವರು ಹೇಳಿದರು: "ಡಾಕ್ಟರ್ರ, ಹಾಲು ಹಾಕಿದ್ದು ನನಗ ಗೊತ್ತೈತಿ, ಎಮ್ಮಿಗೆ ಗೊತ್ತೈತಿ. ಆ ಡಬ್ಬಿಗೆ ಗೊತ್ತಿಲ್ಲಂದ್ರ ನಾ ಯಾರ್ನ ಕೇಳ್ಲಿ?"

ಎಮ್ಮೆ ಈದ ದಿನಾಂಕಕ್ಕೆ ನನ್ನ ಚಿಕಿತ್ಸಾ ಪುಸ್ತಕ ಸಾಕ್ಷಿಯಾಯಿತು. ಆಡಳಿತ ಮಂಡಳಿ ಒಪ್ಪಿ ಅವರ ಲೆಕ್ಕ ಸರಿಪಡಿಸಿತು. ಆದರೆ ಎಲ್ಲರಿಗೂ ಹೀಗೆ ಸಾಕ್ಷಿ ಇರುವುದಿಲ್ಲ. ಒಂದು ಪೆನ್ ಡ್ರೈವ್‌ನಷ್ಟು ಖರ್ಚಿನಲ್ಲಿ ತಪ್ಪಿಸಬಹುದಾಗಿದ್ದ ಜಗಳ ಅದು.

ಈಗಲೇ ಏಕೆ ಈ ಮಾತು?

ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಬೆಂಬಲ ನಿಂತರೆ ಕಂಪ್ಯೂಟರ್ ನಿಲ್ಲುವುದಿಲ್ಲ. ನಾಳೆಯೂ ಹಾಲು ಅಳೆಯುತ್ತದೆ. ಆದರೆ ಹೊಸ ವೈರಸ್‌ಗಳ ವಿರುದ್ಧ ಬರುತ್ತಿದ್ದ ರಕ್ಷಣೆ ಬರುವುದಿಲ್ಲ. ಕಾಲುಬಾಯಿ ಜ್ವರದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕಿಸುತ್ತೇವಲ್ಲ, ಒಮ್ಮೆ ಹಾಕಿಸಿ ಬಿಟ್ಟರೆ ರಕ್ಷಣೆ ಇಳಿದುಹೋಗುತ್ತದಲ್ಲ, ಇದೂ ಹಾಗೆಯೇ. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ವೈರಸ್ 150ಕ್ಕೂ ಹೆಚ್ಚು ದೇಶಗಳಿಗೆ ಹರಡಿತು. ಕಂಪ್ಯೂಟರಿನ ಕಡತಗಳಿಗೆಲ್ಲ ಬೀಗ ಹಾಕಿ ಹಣ ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳ ಕೆಲಸವೂ ನಿಂತಿತು. ಅದನ್ನು ತಡೆಯುವ ಅಪ್‌ಡೇಟ್ ಎರಡು ತಿಂಗಳು ಮುಂಚೆಯೇ, ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ವಿಂಡೋಸ್ 11 ಹಾಕೋಣವೆಂದರೆ ಅದು ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಕೂಡ ಹೊಸ ಪೀಳಿಗೆಯದಾಗಿರಬೇಕು. ನಮ್ಮ ಬಹಳಷ್ಟು ಸಂಘಗಳ ಕಂಪ್ಯೂಟರ್‌ಗಳು ಅದಕ್ಕಿಂತ ಹಳೆಯವು. ಹೀಗಾಗಿ ಲಿನಕ್ಸ್‌ನ ಮಾತು ಬಂದಿದೆ.

ಲಿನಕ್ಸ್ ಹೊಸದೇನಲ್ಲ

ವಿಂಡೋಸ್‌ನಂತೆ ಲಿನಕ್ಸ್ ಕೂಡ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ. ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಇದನ್ನು ಆರಂಭಿಸಿದರು. ನಂತರ ಜಗತ್ತಿನ ಸಾವಿರಾರು ಜನ ಸೇರಿ ಬೆಳೆಸಿದರು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ಪ್ರತಿ ಮಾಡಿ ಪಕ್ಕದ ಸಂಘಕ್ಕೂ ಕೊಡಬಹುದು. ನಿಮ್ಮ ಕಿಸೆಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ಒಳಗೆ ಇರುವುದೂ ಲಿನಕ್ಸೇ. ಅದರ ಅನೇಕ ರೂಪಗಳಲ್ಲಿ ‘ಉಬುಂಟು’ ಹೆಚ್ಚು ಬಳಕೆಯಲ್ಲಿದೆ.

ಹಳ್ಳಿಯಲ್ಲಿ ಇದನ್ನು ನಡೆಸಲು ಆಗುತ್ತದೆಯೇ ಎಂಬ ಸಂಶಯ ಬೇಡ. ಕೇರಳದ ಶಾಲೆಗಳಿಗೆ ಅಲ್ಲಿನ ಸರ್ಕಾರದ ‘ಕೈಟ್’ ಸಂಸ್ಥೆ ಉಬುಂಟು ಆಧಾರಿತ ಲಿನಕ್ಸ್ ಕೊಟ್ಟಿದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ಮಕ್ಕಳು ಅದರಲ್ಲೇ ಕಲಿಯುತ್ತಾರೆ. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸ, ಅಂದರೆ ನುಡಿಯಲ್ಲಿ ನೀವು ಟೈಪ್ ಮಾಡುವ ಅದೇ ಕಗಪ ವಿನ್ಯಾಸ, ಉಬುಂಟುವಿನಲ್ಲಿ ಮೊದಲೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡರೆ ಆಯಿತು.

ಆದರೆ ಒಂದು ಮಾತು ಸ್ಪಷ್ಟವಾಗಿರಲಿ. ನಿಮ್ಮ ಸಂಘದ ಹಾಲು ಸಂಗ್ರಹಣೆ ತಂತ್ರಾಂಶ ಲಿನಕ್ಸ್‌ನಲ್ಲಿ ನಡೆಯುತ್ತದೆಯೇ ಎಂದು ಅದನ್ನು ಕೊಟ್ಟವರನ್ನು ಮತ್ತು ಒಕ್ಕೂಟದ ವಿಸ್ತರಣಾಧಿಕಾರಿಗಳನ್ನು ಕೇಳಿ, ‘ಹೌದು’ ಎಂಬ ಉತ್ತರ ಬರಹದಲ್ಲಿ ಬಂದ ಮೇಲೆ ಮುಂದುವರಿಯಿರಿ. ನಡೆಯುವುದಿಲ್ಲ ಎಂದರೆ ಯಾರ ಮಾತು ಕೇಳಿಯೂ ಬದಲಿಸಬೇಡಿ.

ಈಗಾಗಲೇ ಉಬುಂಟು ಇರುವವರು ಗಮನಿಸಿ

ಕೆಲವು ಸಂಘಗಳಲ್ಲಿ ಉಬುಂಟು ಈಗಾಗಲೇ ಇದೆ. ಒಮ್ಮೆ ಹಾಕಿದ ಮೇಲೆ ಮುಟ್ಟಿಯೇ ಇಲ್ಲ. ಉಬುಂಟುವಿಗೂ ಅವಧಿ ಇದೆ. ಅದರ ಹೆಸರಿನಲ್ಲಿರುವ ಅಂಕಿ ಬಿಡುಗಡೆಯಾದ ವರ್ಷ ಮತ್ತು ತಿಂಗಳು. 20.04 ಎಂದರೆ 2020ರ ಏಪ್ರಿಲ್. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ‘ಎಲ್‌ಟಿಎಸ್’ ಆವೃತ್ತಿಗಳಿಗೆ ಐದು ವರ್ಷ ಸಾಮಾನ್ಯ ಬೆಂಬಲ ಇರುತ್ತದೆ. ಸಂಘದ ಕೆಲಸಕ್ಕೆ ಇವೇ ಸರಿ. 20.04ರ ಬೆಂಬಲ 2025ರ ಮೇ ತಿಂಗಳಿಗೆ ಮುಗಿಯಿತು. 22.04ಕ್ಕೆ 2027ರವರೆಗೆ, 24.04ಕ್ಕೆ 2029ರವರೆಗೆ ಇದೆ.

ಮೆಟ್ಟಿಲು ಹಾರಿ ಹೋಗುವಂತಿಲ್ಲ. 20.04 ಇದ್ದವರು ಮೊದಲು 22.04ಕ್ಕೆ, ಅಲ್ಲಿಂದ 24.04ಕ್ಕೆ ಹೋಗಬೇಕು. ಹೊಸ ಆವೃತ್ತಿ ಬಂದ ಕೂಡಲೇ ಓಡುವುದೂ ಬೇಡ. ಆರಂಭದ ತೊಂದರೆಗಳನ್ನು ಸರಿಪಡಿಸಿ ಕೆಲವು ತಿಂಗಳ ನಂತರ ‘.1’ ಎಂಬ ತಿದ್ದುಪಡಿ ಬರುತ್ತದೆ. 24.04.1 ಬಂದದ್ದು 2024ರ ಆಗಸ್ಟ್ ಕೊನೆಗೆ. ಹಳೆಯ ಎಲ್‌ಟಿಎಸ್ ಇರುವ ಯಂತ್ರಕ್ಕೆ ಅಪ್‌ಗ್ರೇಡ್ ಸೂಚನೆ ತಾನಾಗಿ ಕಾಣಿಸುವುದೂ ಸಾಮಾನ್ಯವಾಗಿ ಆಮೇಲೆಯೇ.

ಮುಖ್ಯವಾದ ಮಾತು: ಅಪ್‌ಗ್ರೇಡ್ ಎನ್ನುವುದು ಹಾಲಿಗೆ ಹೆಪ್ಪು ಹಾಕಿದ ಹಾಗೆ. ಮೊಸರಾದ ಮೇಲೆ ತಿರುಗಿ ಹಾಲಾಗುವುದಿಲ್ಲ. ಹಿಂದಿನ ಆವೃತ್ತಿಗೆ ಮರಳಲು ಗುಂಡಿ ಇಲ್ಲ. ಎಲ್ಲ ಅಳಿಸಿ ಹೊಸದಾಗಿ ಹಾಕಿ, ಪ್ರತಿಯಿಂದ ಲೆಕ್ಕ ತುಂಬಿಕೊಳ್ಳಬೇಕು. ಆದ್ದರಿಂದ ಪ್ರತಿ ಇಲ್ಲದೆ ಆ ಗುಂಡಿ ಒತ್ತಬಾರದು.

ಪ್ರತಿ ತೆಗೆಯುವುದು ಹೇಗೆ?

ಬ್ಯಾಕಪ್ ಎಂದರೆ ಲೆಕ್ಕದ ಇನ್ನೊಂದು ಪ್ರತಿ. ಅನೇಕರು ‘ಡಾಕ್ಯುಮೆಂಟ್ಸ್’ ಫೋಲ್ಡರನ್ನು ಪೆನ್ ಡ್ರೈವ್‌ಗೆ ಹಾಕಿಕೊಂಡು ಆಯಿತು ಎಂದುಕೊಳ್ಳುತ್ತಾರೆ. ಅದರಲ್ಲಿ ಪತ್ರಗಳು, ಠರಾವುಗಳು ಇರಬಹುದು. ಹಾಲಿನ ಲೆಕ್ಕ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಅದು ‘ಡೇಟಾಬೇಸ್’ ಎಂಬ ಕಣಜದಲ್ಲಿ, ವ್ಯವಸ್ಥೆಯ ಒಳಗೆ ಬೇರೆ ಜಾಗದಲ್ಲಿ ಇರುತ್ತದೆ. ಅದನ್ನು ತೆಗೆಯಲು ತಂತ್ರಾಂಶದಲ್ಲೇ ‘ಬ್ಯಾಕಪ್’ ಎಂಬ ಆಯ್ಕೆ ಇರುತ್ತದೆ. ಅದನ್ನೇ ಬಳಸಿ. ತಂತ್ರಾಂಶ ನಡೆಯುತ್ತಿರುವಾಗ ಡೇಟಾಬೇಸ್‌ನ ಕಡತಗಳನ್ನು ನೇರವಾಗಿ ಎಳೆದು ಹಾಕಿಕೊಂಡರೆ ಅರ್ಧಂಬರ್ಧ ಬರಬಹುದು.

‘ನಮ್ಮದು ಆನ್‌ಲೈನ್ ಇದೆ, ಎಲ್ಲ ಮೇಲೆ ಹೋಗುತ್ತದೆ’ ಎನ್ನುವ ಸಂಘಗಳೂ ಇವೆ. ಒಳ್ಳೆಯದು. ಆದರೆ ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ಇಲ್ಲದ ದಿನಗಳ ಲೆಕ್ಕ ಕಂಪ್ಯೂಟರಿನಲ್ಲೇ ಕಾದು ಕುಳಿತಿರುತ್ತದೆ. ಎಲ್ಲಿಯವರೆಗಿನ ಲೆಕ್ಕ ಮೇಲೆ ತಲುಪಿದೆ ಎಂದು ದಿನಾಂಕ ನೋಡಿ ಖಚಿತಪಡಿಸಿಕೊಳ್ಳಿ.

ಎಷ್ಟು ಪ್ರತಿ ಬೇಕು? ನಮ್ಮ ಹಿರಿಯರು ಬೀಜದ ಜೋಳವನ್ನು ಒಂದೇ ಕಡೆ ಇಡುತ್ತಿರಲಿಲ್ಲ. ಸ್ವಲ್ಪ ಹಗೇವಿನಲ್ಲಿ, ಸ್ವಲ್ಪ ಮನೆಯ ಅಟ್ಟದ ಮೇಲೆ, ಸ್ವಲ್ಪ ಬೀಗರ ಮನೆಯಲ್ಲಿ. ಕಂಪ್ಯೂಟರ್ ತಿಳಿದವರು ಹೇಳುವ ನಿಯಮವೂ ಇದೇ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಸಂಘಕ್ಕೆ ಅನ್ವಯಿಸಿದರೆ ಹೀಗಾಗುತ್ತದೆ:

1. ಮೊದಲನೆಯದು ಕಂಪ್ಯೂಟರಿನಲ್ಲಿರುವ ಮೂಲ ಲೆಕ್ಕ.

2. ಎರಡನೆಯದು ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ, ಸಂಘದ ತಿಜೋರಿಯಲ್ಲಿ. ಪ್ರತಿ ತೆಗೆಯುವಾಗ ಮಾತ್ರ ಕಂಪ್ಯೂಟರಿಗೆ ಜೋಡಿಸಿ, ಆಮೇಲೆ ಬಿಚ್ಚಿಡಿ. ಯಾವಾಗಲೂ ಜೋಡಿಸಿಯೇ ಇಟ್ಟರೆ ಸಿಡಿಲು ಬಡಿದಾಗ, ವೈರಸ್ ಬಂದಾಗ ಎರಡೂ ಒಟ್ಟಿಗೆ ಹೋಗುತ್ತವೆ.

3. ಮೂರನೆಯದು ಪೆನ್ ಡ್ರೈವ್‌ನಲ್ಲಿ, ಊರಿನ ಹೊರಗೆ. ಖಾನಾಪುರ ಕಡೆಯ ಸಂಘದ ಪ್ರತಿ ಬೆಳಗಾವಿಯಲ್ಲಿ ಇರಲಿ. 2019ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಬಂದ ನೆರೆಯನ್ನು ನೆನಪಿಸಿಕೊಳ್ಳಿ. ನೀರು ಕಟ್ಟಡಕ್ಕೆ ನುಗ್ಗಿದರೆ ಕಂಪ್ಯೂಟರ್ ಒಂದು ಕೋಣೆ, ತಿಜೋರಿ ಇನ್ನೊಂದು ಕೋಣೆ ಎಂದು ನೋಡುವುದಿಲ್ಲ.

ಪ್ರತಿಯಲ್ಲಿ ಸದಸ್ಯರ ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ ಇರುತ್ತವೆ. ಅದು ಯಾರ ಕಿಸೆಯಲ್ಲೂ ಓಡಾಡಬಾರದು. ಉಬುಂಟುವಿನ ‘ಬ್ಯಾಕಪ್ಸ್’ ತಂತ್ರಾಂಶದಲ್ಲಿ ಪಾಸ್‌ವರ್ಡ್ ಹಾಕಿ ಪ್ರತಿ ತೆಗೆಯಬಹುದು. ಪಾಸ್‌ವರ್ಡ್ ಮರೆತರೆ ಪ್ರತಿ ಇದ್ದೂ ಇಲ್ಲದಂತೆ. ಅದನ್ನು ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ, ಅಂಟಿಸಿ, ಅಧ್ಯಕ್ಷರ ಸಹಿಯೊಂದಿಗೆ ಬೇರೆ ಕಡೆ ಇಡಿ.

ಪ್ರತಿ ಜೀವಂತವಿದೆಯೇ ನೋಡಿ

ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ನಾವು ಹೋರಿಯ ವೀರ್ಯದ ಕಡ್ಡಿಗಳನ್ನು ದ್ರವ ಸಾರಜನಕದ ಕ್ಯಾನ್‌ನಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಡುತ್ತೇವೆ. ಸಾರಜನಕ ಇಳಿದುಹೋಗಿ, ಯಾರೂ ಗಮನಿಸದೆ, ಆಮೇಲೆ ತುಂಬಿದರೆ ಏನಾಗುತ್ತದೆ? ಕಡ್ಡಿ ಹಾಗೇ ಇರುತ್ತದೆ. ಬಣ್ಣ ಅದೇ, ಮೇಲಿನ ಸಂಖ್ಯೆ ಅದೇ. ಒಳಗಿನ ಜೀವ ಹೋಗಿರುತ್ತದೆ. ಅದು ಗೊತ್ತಾಗುವುದು ಒಂದು ಕಡ್ಡಿ ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಾತ್ರ. ನೋಡದಿದ್ದರೆ ಆಕಳು ಮತ್ತೆ ಮತ್ತೆ ಬೆದೆಗೆ ಬಂದಾಗ ಗೊತ್ತಾಗುತ್ತದೆ, ಅಷ್ಟರಲ್ಲಿ ರೈತನಿಗೆ ತಿಂಗಳುಗಳ ನಷ್ಟ.

ಪೆನ್ ಡ್ರೈವ್‌ನಲ್ಲಿರುವ ಪ್ರತಿಯೂ ಹಾಗೆಯೇ. ಕಡತದ ಹೆಸರು ಕಾಣುತ್ತದೆ, ತೆರೆಯಲು ಹೋದರೆ ತೆರೆಯುವುದಿಲ್ಲ. ಆದ್ದರಿಂದ ಮೂರು ತಿಂಗಳಿಗೊಮ್ಮೆಯಾದರೂ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತುಂಬಿ ನೋಡಿ. ಪಕ್ಕದ ಊರಿನ ಸಂಘದಲ್ಲಿ ಅದೇ ತಂತ್ರಾಂಶ ಇದ್ದರೆ, ಅವರ ಲೆಕ್ಕಕ್ಕೆ ತಾಗದಂತೆ ಬಿಡಿ ಯಂತ್ರದಲ್ಲಿ ನೋಡಬಹುದು. ಮೂರು ಸದಸ್ಯರ ಹೆಸರು ಆರಿಸಿ. ಒಂದು ದಿನದ ಅವರ ಲೀಟರ್, ಫ್ಯಾಟ್, ಮೊತ್ತ ಇವು ಅವರ ಕೈಯಲ್ಲಿರುವ ಚೀಟಿಗೆ ಹೊಂದಿದರೆ ಪ್ರತಿ ಜೀವಂತವಿದೆ. ಹೊಂದದಿದ್ದರೆ ನಿಮ್ಮಲ್ಲಿ ಪ್ರತಿ ಇಲ್ಲವೆಂದೇ ತಿಳಿಯಿರಿ.

ಬದಲಾವಣೆಯ ದಿನ ಹೀಗೆ ಮಾಡಿ

ನನ್ನ ಸ್ವಂತ ಲ್ಯಾಪ್‌ಟಾಪನ್ನು 22.04ರಿಂದ 24.04ಕ್ಕೆ ತರುವಾಗ ಅನುಸರಿಸಿದ ಕ್ರಮಕ್ಕೆ ಸಂಘದ ಕೆಲಸಕ್ಕೆ ಬೇಕಾದದ್ದನ್ನು ಸೇರಿಸಿ ಇಲ್ಲಿ ಕೊಟ್ಟಿದ್ದೇನೆ.

1. ಬಟವಾಡೆ ಮುಗಿದ ಮರುದಿನವನ್ನು ಆರಿಸಿ. ಬೆಳಗಿನ ಹಾಲು ಸಂಗ್ರಹಣೆ ಮುಗಿದ ಕೂಡಲೇ ಶುರು ಮಾಡಿ. ಮಳೆ, ಗುಡುಗಿನ ದಿನ ಬೇಡ.

2. ಯುಪಿಎಸ್ ಬ್ಯಾಟರಿ ಸರಿಯಿರಲಿ. ಜನರೇಟರ್ ಇದ್ದರೆ ಅದಕ್ಕೆ ಡೀಸೆಲ್ ಇರಲಿ. ಕೆಲಸದ ನಡುವೆ ವಿದ್ಯುತ್ ಹೋದರೆ ಯಂತ್ರ ಮತ್ತೆ ಏಳದಿರಬಹುದು.

3. ಅಂದಿನ ಬೆಳಗಿನ ಲೆಕ್ಕ ಸೇರಿದಂತೆ ಹೊಸ ಪ್ರತಿ ತೆಗೆಯಿರಿ, ತೆರೆದು ನೋಡಿ. ಒಟ್ಟು ಲೀಟರ್ ಮತ್ತು ಒಟ್ಟು ಮೊತ್ತವನ್ನು ಕಾಗದದ ಮೇಲೆ ಮುದ್ರಿಸಿಟ್ಟುಕೊಳ್ಳಿ.

4. ಡಿಸ್ಕ್‌ನಲ್ಲಿ 20 ಜಿಬಿಯಷ್ಟಾದರೂ ಜಾಗ ಖಾಲಿ ಇರಲಿ. ಅಪ್‌ಗ್ರೇಡ್‌ಗೆ ಬೇಕಾದ ಕಡತಗಳು ಇಂಟರ್‌ನೆಟ್‌ನಿಂದ ಬರುತ್ತವೆ. ನೆಟ್‌ವರ್ಕ್ ಇಲ್ಲದ ಊರಿನವರು ಯಂತ್ರವನ್ನು ಖಾನಾಪುರಕ್ಕೋ ಬೆಳಗಾವಿಗೋ ತಂದು ಮಾಡಿಸುವುದು ಲೇಸು.

5. ಮೊದಲು ಈಗಿನ ಆವೃತ್ತಿಯ ಬಾಕಿ ಅಪ್‌ಡೇಟ್‌ಗಳನ್ನೆಲ್ಲ ಮುಗಿಸಿ, ಒಮ್ಮೆ ಆರಿಸಿ ಹಚ್ಚಿ. ಆಮೇಲೆ ‘ಸಾಫ್ಟ್‌ವೇರ್ ಅಪ್‌ಡೇಟರ್’ ತೋರಿಸುವ ಅಪ್‌ಗ್ರೇಡ್ ಗುಂಡಿ ಒತ್ತಿ.

6. ನಡುವೆ ‘ಹಳೆಯ ಸೆಟ್ಟಿಂಗ್ ಇಟ್ಟುಕೊಳ್ಳಲೋ, ಹೊಸದು ಹಾಕಲೋ’ ಎಂದು ಕೇಳಿದರೆ, ತಂತ್ರಾಂಶ ಕೊಟ್ಟವರು ಬೇರೆ ಹೇಳಿರದಿದ್ದರೆ ಹಳೆಯದನ್ನೇ ಇಟ್ಟುಕೊಳ್ಳಿ.

7. ಸಂಜೆಯ ಸಂಗ್ರಹಣೆಗೆ ಯಂತ್ರ ಸಿದ್ಧವಾಗದಿದ್ದರೂ ಹಾಲು ನಿಲ್ಲಬಾರದು. ಕೈಬರಹದ ರಿಜಿಸ್ಟರ್ ಮೇಜಿನ ಮೇಲಿರಲಿ. ಮುಂದಿನ ಎರಡು ದಿನ ಕಂಪ್ಯೂಟರ್ ಮತ್ತು ರಿಜಿಸ್ಟರ್ ಎರಡರಲ್ಲೂ ಬರೆಯಿರಿ.

ವಿಂಡೋಸ್ ತೆಗೆದು ಉಬುಂಟು ಹಾಕುವವರಿಗೆ ಇನ್ನೊಂದು ಸಲಹೆ. ಮೊದಲು ಉಬುಂಟುವನ್ನು ಪೆನ್ ಡ್ರೈವ್‌ನಿಂದಲೇ ಚಾಲೂ ಮಾಡಿ ನೋಡಬಹುದು. ಆಗ ಹಾರ್ಡ್ ಡಿಸ್ಕ್‌ಗೆ ಏನೂ ಆಗುವುದಿಲ್ಲ. ಪ್ರಿಂಟರ್, ತೂಕದ ಯಂತ್ರ ಗುರುತಿಸುತ್ತದೆಯೇ ಎಂದು ತಿಳಿಯುತ್ತದೆ. ಉಬುಂಟು 24.04ಕ್ಕೆ 4 ಜಿಬಿ ರ‍್ಯಾಮ್, 25 ಜಿಬಿ ಜಾಗ ಇರಬೇಕು. ಕಾಯಂ ಆಗಿ ಹಾಕುವಾಗ ಹಳೆಯ ಡಿಸ್ಕನ್ನು ಅಳಿಸಬೇಡಿ. ಹೊಸ ಎಸ್‌ಎಸ್‌ಡಿ ಒಂದನ್ನು ಕೊಂಡು ಅದರಲ್ಲಿ ಹಾಕಿಸಿ. ಹಳೆಯ ಡಿಸ್ಕನ್ನು ಬಿಚ್ಚಿ, ದಿನಾಂಕ ಬರೆದು, ತಿಜೋರಿಯಲ್ಲಿಡಿ. ಎಲ್ಲ ಕೈಕೊಟ್ಟರೆ ಅದನ್ನೇ ತಿರುಗಿ ಹಾಕಿ ಮರುದಿನ ಬೆಳಿಗ್ಗೆ ಹಾಲು ಅಳೆಯಬಹುದು.

ಆಮೇಲೆ ಬರಬಹುದಾದ ಎರಡು ತೊಡಕು

ಮೊದಲನೆಯದು ಅನಲೈಜರ್ ಮತ್ತು ತೂಕದ ಯಂತ್ರದ್ದು. ಇವು ಹಳೆಯ ಸೀರಿಯಲ್ ಕೇಬಲ್‌ನಿಂದ, ಒಂದು ಸಣ್ಣ ಯುಎಸ್‌ಬಿ ಪರಿವರ್ತಕದ ಮೂಲಕ ಕಂಪ್ಯೂಟರಿಗೆ ಸೇರುತ್ತವೆ. ಉಬುಂಟು 22.04ಕ್ಕೆ ಬಂದಾಗ ಕೆಲವರಿಗೆ ಈ ಪರಿವರ್ತಕವೇ ಕಾಣದಂತಾಗುತ್ತದೆ. ಕಾರಣ ವಿಚಿತ್ರ: ಅಂಧರು ಬಳಸುವ ಬ್ರೈಲ್ ಯಂತ್ರಕ್ಕಾಗಿ ಉಬುಂಟುವಿನಲ್ಲಿ ‘ಬಿಆರ್‌ಎಲ್‌ಟಿಟಿವೈ’ ಎಂಬ ತಂತ್ರಾಂಶ ಇರುತ್ತದೆ. ಸಿಎಚ್340 ಎಂಬ ಅಗ್ಗದ ಚಿಪ್ ಇರುವ ಪರಿವರ್ತಕವನ್ನು ಅದು ಬ್ರೈಲ್ ಯಂತ್ರವೆಂದು ತಿಳಿದು ಹಿಡಿದಿಟ್ಟುಕೊಳ್ಳುತ್ತದೆ. ಸಂಘದಲ್ಲಿ ಬ್ರೈಲ್ ಯಂತ್ರ ಬಳಸುವವರು ಇಲ್ಲವಾದರೆ ಆ ತಂತ್ರಾಂಶ ತೆಗೆದರೆ ಸರಿಹೋಗುತ್ತದೆ. ಇದು ಗೊತ್ತಿಲ್ಲದೆ ಅನಲೈಜರ್ ಕೆಟ್ಟಿದೆಯೆಂದು ರಿಪೇರಿಗೆ ಕಳಿಸಬೇಡಿ. ಹಾಗೆಯೇ ಕಂಪ್ಯೂಟರ್ ನಡೆಸುವವರ ಹೆಸರನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಿದರೆ ಮಾತ್ರ ಸೀರಿಯಲ್ ಕೇಬಲ್ ಬಳಸಲು ಅನುಮತಿ ಸಿಗುತ್ತದೆ. ಮಾಡಿಕೊಡುವವರಿಗೆ ಈ ಎರಡು ಮಾತು ಹೇಳಿ, ಅವರಿಗೆ ಅರ್ಥವಾಗುತ್ತದೆ.

ಎರಡನೆಯದು ಕನ್ನಡ ಅಕ್ಷರದ್ದು. ಹಳೆಯ ನುಡಿ ಅಥವಾ ಬರಹದ ಫಾಂಟ್‌ನಲ್ಲಿ ಟೈಪ್ ಮಾಡಿದ ಸಭೆಯ ನಡಾವಳಿ, ಸದಸ್ಯರ ಪಟ್ಟಿ ಇತ್ಯಾದಿಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಕಡತ ಕೆಟ್ಟಿಲ್ಲ, ಗಾಬರಿಯಾಗಬೇಡಿ. ಬದಲಾಯಿಸುವ ಮೊದಲೇ, ಹಳೆಯ ಯಂತ್ರದಲ್ಲೇ, ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಒಂದು ಪಿಡಿಎಫ್ ಪ್ರತಿಯನ್ನೂ ಮಾಡಿಡಿ.

ಈ ಕೆಲಸಕ್ಕೆ ದೂರದಿಂದ ಜನ ಕರೆಸಬೇಕಿಲ್ಲ. ಖಾನಾಪುರ ದಾರಿಯ ಮಚ್ಛೆ ಬಳಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಬೆಳಗಾವಿಯಲ್ಲಿ ಎಂಜಿನಿಯರಿಂಗ್, ಡಿಪ್ಲೊಮಾ ಓದುವ ನಿಮ್ಮೂರ ಮಕ್ಕಳೇ ಲಿನಕ್ಸ್ ಕಲಿತಿರುತ್ತಾರೆ. ರಜೆಗೆ ಬಂದಾಗ ಕರೆಯಿರಿ. ಆದರೆ ಯಾರೇ ಮಾಡಲಿ, ಕಾರ್ಯದರ್ಶಿಗಳು ಮತ್ತು ಆಡಳಿತ ಮಂಡಳಿಯ ಒಬ್ಬರು ಎದುರಿಗಿರಲಿ.

ಸದಸ್ಯರು ಕೇಳಬೇಕಾದ ಐದು ಪ್ರಶ್ನೆ

ಲೆಕ್ಕ ನಿಮ್ಮದು. ಕೇಳುವ ಹಕ್ಕೂ ನಿಮ್ಮದು. ಮುಂದಿನ ಸಭೆಯಲ್ಲಿ ಯಾರನ್ನೂ ದೂರದೆ, ಸಮಾಧಾನದಿಂದ ಇವನ್ನು ಕೇಳಿ:

1. ನಮ್ಮ ಸಂಘದ ಲೆಕ್ಕದ ಪ್ರತಿ ಕೊನೆಯ ಸಲ ಯಾವ ದಿನ ತೆಗೆದದ್ದು?

2. ಅದು ಎಲ್ಲೆಲ್ಲಿ ಇದೆ? ಊರ ಹೊರಗೆ ಒಂದು ಇದೆಯೇ?

3. ಅದನ್ನು ತೆರೆದು ನೋಡಿದ್ದು ಯಾವಾಗ?

4. ಕಂಪ್ಯೂಟರಿನ ಈಗಿನ ಆವೃತ್ತಿಗೆ ಎಲ್ಲಿಯವರೆಗೆ ಬೆಂಬಲ ಇದೆ?

5. ಕಾರ್ಯದರ್ಶಿಗಳು ರಜೆಯಲ್ಲಿದ್ದರೆ ಈ ಕೆಲಸ ಗೊತ್ತಿರುವ ಇನ್ನೊಬ್ಬರು ಯಾರು?

ಉತ್ತರ ಇಲ್ಲದಿದ್ದರೆ ಅಂದೇ ಒಂದು ಠರಾವು ಮಾಡಿ: ಪ್ರತಿ ಬಟವಾಡೆಯ ದಿನ, ಹಣ ಹಂಚಿದ ಮೇಲೆ, ಪ್ರತಿ ತೆಗೆಯುವುದು. ಒಂದು ನೋಟ್‌ಬುಕ್‌ನಲ್ಲಿ ದಿನಾಂಕ ಬರೆದು ಇಬ್ಬರು ಸಹಿ ಹಾಕುವುದು. ಖರ್ಚು ಒಂದು ಹೊರಗಿನ ಡಿಸ್ಕ್, ಎರಡು ಪೆನ್ ಡ್ರೈವ್. ಸಮಯ ಅರ್ಧ ಗಂಟೆ.

ಮನೆಯಲ್ಲಿ ನೀವು ಮಾಡಬೇಕಾದದ್ದೂ ಇದೆ. ಹಾಲಿನ ಚೀಟಿಗಳನ್ನು ಬಟವಾಡೆ ಆಗುವವರೆಗೆ ಬಿಸಾಡಬೇಡಿ. ಶಾಯಿ ಬೇಗ ಮಾಸುತ್ತದೆ, ಆದ್ದರಿಂದ ಬಿಸಿಲಿಗೆ, ಒಲೆಯ ಬಳಿ ಇಡಬೇಡಿ. ಮೊಬೈಲ್ ಇದ್ದರೆ ಒಂದು ಫೋಟೊ ತೆಗೆದುಕೊಳ್ಳಿ. ಕೊಟ್ಟಿಗೆಯ ಕ್ಯಾಲೆಂಡರಿನಲ್ಲಿ ಪ್ರತಿ ಆಕಳು ಮತ್ತು ಎಮ್ಮೆಯ ಹೆಸರು, ಕಿವಿಯೋಲೆಯ ಸಂಖ್ಯೆ, ಗರ್ಭಧಾರಣೆ ಮಾಡಿಸಿದ ದಿನಾಂಕ ಬರೆದಿಡಿ. ನಾನು ನಿಮ್ಮ ಮನೆಗೆ ಬಂದಾಗ ಮೊದಲು ಕೇಳುವುದು ಅದನ್ನೇ.

ಈ ವರ್ಷದ ಮಳೆಗಾಲ ಶುರುವಾಗುವ ಮುನ್ನ ನಿಮ್ಮ ಸಂಘದಲ್ಲಿ ಒಂದು ಪ್ರತಿಯನ್ನಾದರೂ ತೆಗೆದು, ತೆರೆದು ನೋಡಿ, ಊರ ಹೊರಗೆ ಇರಿಸಿ. ಕಂಪ್ಯೂಟರ್ ಬದಲಿಸುವ ವಿಚಾರ ಆಮೇಲೆ ನಿಧಾನವಾಗಿ ಮಾಡೋಣ.